ಅಪ್ಪನ ಅರುವತ್ತರ ಶಾಂತಿಗೆ ಬಣ್ಣ ತುಂಬಿದ ನಿಂಬೆ ಪಾನೀಯ, ಮದ್ಯದ ಸೋಂಕೇ ಇಲ್ಲದಂತೆ: ದಯವಿಟ್ಟು ಸಲಹೆ ಕೊಡಿ

ಕಿರಿಮಗಳು, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ನಮ್ಮ ಅಪ್ಪನ ಅರುವತ್ತರ ಶಾಂತಿ. ಮಹಡಿಯ ಮೇಲೆ ಶಾಮಿಯಾನ ಹಾಕಿಸುತ್ತೇವೆ, ಸುಮಾರು ಅರುವತ್ತು ಜನ ಬರುತ್ತಾರೆ. ಊಟದ ಯೋಚನೆ ನನಗಿಲ್ಲ, ಅಡುಗೆಯವರು ಗೊತ್ತಾಗಿದ್ದಾರೆ. ನನ್ನ ಯೋಚನೆಯೆಲ್ಲ ಒಂದು ಲೋಟದ ಸುತ್ತ.

ಅಪ್ಪ ಕುಡಿತ ಬಿಟ್ಟು ಮೂರು ವರ್ಷವಾಯಿತು. ಅದಕ್ಕೆ ಅವರು ಪಟ್ಟ ಪಾಡು ನನಗೆ ಗೊತ್ತು, ಅಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತು. ಬಿಟ್ಟ ಮೇಲೆ ಮದುವೆ, ಗೃಹಪ್ರವೇಶ ಎಲ್ಲಿಗೆ ಹೋದರೂ ಒಂದೇ ನೋಟ. ಸಂಜೆಯಾದ ಮೇಲೆ ಗಂಡಸರು ಒಂದು ಮೂಲೆಯಲ್ಲಿ ಸೇರುತ್ತಾರೆ. ಅಪ್ಪನ ಕೈಗೆ ಯಾರಾದರೂ ಒಂದು ನೀರಿನ ಬಾಟಲಿಯನ್ನೋ ಮಕ್ಕಳಿಗೆಂದು ತಂದ ಕೋಲಾವನ್ನೋ ಕೊಟ್ಟು ಹೋಗುತ್ತಾರೆ. ಅವರು ಅದನ್ನು ಹಿಡಿದುಕೊಂಡು ಗೋಡೆಯ ಬದಿಗೆ ನಿಲ್ಲುತ್ತಾರೆ. ಯಾರೂ ಅವಮಾನ ಮಾಡುವುದಿಲ್ಲ, ಆದರೂ ಅದನ್ನು ನೋಡಿದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈ ಸಲದ ಸಮಾರಂಭ ಅವರದ್ದು. ಬಂದವರೆಲ್ಲ ಅವರು ಕುಡಿಯುವುದನ್ನೇ ಕುಡಿಯಬೇಕು. ಅದು ನೋಡಿದ ಕೂಡಲೇ ಕಣ್ಣರಳುವಂತೆ ಇರಬೇಕು.

ಎರಡು ಸಲ ಪ್ರಯತ್ನ ಮಾಡಿ ಸೋತಿದ್ದೇನೆ. ಮೊದಲು ಅಂಗಡಿಯಿಂದ ನೀಲಿ ಸಿರಪ್ ತಂದೆ. ಸೀಸೆಯ ಹಿಂದೆ ಓದಿದರೆ ಸಕ್ಕರೆ, ನೀರು, ಹುಳಿ, ಕೃತಕ ಪರಿಮಳ, ಕೃತಕ ಬಣ್ಣ. ಕಿತ್ತಳೆಯ ಚಿತ್ರ ಮಾತ್ರ ದೊಡ್ಡದಾಗಿತ್ತು, ಒಳಗೆ ಕಿತ್ತಳೆ ಇರಲಿಲ್ಲ. ಆಮೇಲೆ ಅಂಗಳದ ಕೆಂಪು ದಾಸವಾಳವನ್ನು ನಲ್ಲಿಯ ಬೋರ್‌ವೆಲ್ ನೀರಿನಲ್ಲಿ ಕುದಿಸಿದೆ. ಕೆಂಪು ಬರುವ ಬದಲು ಪಾಚಿಗಟ್ಟಿದ ಕೆರೆಯ ನೀರಿನಂತೆ ಹಸಿರು ಕಂದು ಬಣ್ಣ ಬಂತು. ಅಮ್ಮ ನೋಡಿ, ಗಿಡದ ಬುಡಕ್ಕೆ ಸುರಿದುಬಿಡು ಎಂದರು.

ಹುಳಿ, ಸಿಹಿ, ಕಿತ್ತಳೆಯ ನಿಜವಾದ ಘಮ, ಕನಿಷ್ಠ ಎರಡು ಬಣ್ಣ. ಇದು ಮನೆಯಲ್ಲಿ ಸಾಧ್ಯವೇ?

ಮಾಲೂರಿನ ಅತ್ತೆ

ನಿನ್ನ ಮನಸ್ಸು ದೊಡ್ಡದು ತಾಯಿ. ಆದರೆ ಇಷ್ಟೊಂದು ಸಾಹಸ ಯಾಕೆ? ಬೆಲ್ಲ, ಒಣಶುಂಠಿ, ಏಲಕ್ಕಿ, ಕಾಳುಮೆಣಸು, ಮೇಲೆ ನಿಂಬೆರಸ. ರಾಮನವಮಿಗೆ ನಾವು ಬೀದಿಯಲ್ಲಿ ಹೋಗುವವರಿಗೆಲ್ಲ ಕೊಡುವ ಪಾನಕ. ಅದಕ್ಕಿಂತ ಮರ್ಯಾದೆಯ ಪಾನೀಯ ನಮ್ಮಲ್ಲಿ ಇನ್ನೊಂದಿಲ್ಲ. ಬಣ್ಣ ಬೇಕೆಂದರೆ ಬೆಲ್ಲದ ಬಣ್ಣವೇ ಸಾಲದೇ?

ಕಿರಿಮಗಳು, ಚಿಕ್ಕಬಳ್ಳಾಪುರ

ಅತ್ತೆ, ಪಾನಕ ಬೆಳಿಗ್ಗೆ ಪೂಜೆಯ ಹೊತ್ತಿಗೆ ಇದ್ದೇ ಇರುತ್ತದೆ. ನಾನು ಕೇಳುತ್ತಿರುವುದು ಸಂಜೆಯದ್ದು. ಪಾನಕ ಎಲ್ಲರಿಗೂ ಗೊತ್ತಿರುವುದು, ಒಂದೇ ಗುಟುಕಿಗೆ ಕುಡಿದು ಲೋಟ ಇಟ್ಟುಬಿಡುತ್ತಾರೆ. ಕೈಯಲ್ಲಿ ಹಿಡಿದುಕೊಂಡು ಅರ್ಧ ಗಂಟೆ ಮಾತನಾಡುತ್ತ ನಿಲ್ಲುವಂಥದ್ದು ಬೇಕು.

ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು, ಕೋಲಾರ

ತಪ್ಪು ನಿಮ್ಮ ದಾಸವಾಳದ್ದಲ್ಲ, ನೀರಿನದು. ಮೂವತ್ತು ವರ್ಷ ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ತೋರಿಸಿದ ಪಾಠವೇ ನಿಮ್ಮ ಅಡುಗೆಮನೆಯಲ್ಲಿ ನಡೆದಿದೆ.

ನಮ್ಮ ಕಡೆಯ ಕೊಳವೆಬಾವಿ ನೀರು ಗಡಸು, ಅದರಲ್ಲಿ ಬೈಕಾರ್ಬೊನೇಟ್ ಎಂಬ ಲವಣಾಂಶ ಹೇರಳ. ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಣ್ಣದ ಅಂಶ ಪಾತ್ರೆಯ ತಳಕ್ಕೆ ಬಿಳಿ ಪದರವಾಗಿ ಅಂಟುತ್ತದೆ. ಉಳಿದ ನೀರು ಮೊದಲಿಗಿಂತ ಹೆಚ್ಚು ಕ್ಷಾರವಾಗಿರುತ್ತದೆ. ದಾಸವಾಳದ ಎಸಳಿನಲ್ಲಿರುವ ಬಣ್ಣದ ಹೆಸರು ಆಂಥೋಸಯಾನಿನ್. ಇದು ಹುಳಿಯಲ್ಲಿ ಕೆಂಪು, ಹುಳಿಯೂ ಕ್ಷಾರವೂ ಅಲ್ಲದ ನೀರಿನಲ್ಲಿ ನೇರಳೆ, ಕ್ಷಾರದಲ್ಲಿ ಹಸಿರು. ಬಹಳ ಹೊತ್ತು ಕ್ಷಾರದಲ್ಲಿಯೇ ಕುದಿಸಿದರೆ ಬಣ್ಣದ ಕಣವೇ ಮುರಿದು ಕಂದಾಗುತ್ತದೆ. ನಿಮಗೆ ಬಂದದ್ದು ಅದೇ.

ಹೀಗೆ ಮಾಡಿ. ಶುದ್ಧ ನೀರಿನ ಘಟಕದಿಂದ ತಂದ ನೀರನ್ನು ಕುದಿಸಿ, ಒಲೆ ಆರಿಸಿ, ಕುದಿ ಇಳಿದ ಮೇಲೆ ಎಸಳು ಹಾಕಿ ಹತ್ತು ನಿಮಿಷ ಮುಚ್ಚಿಡಿ. ಹೂವನ್ನು ಕುದಿಸಲೇಬೇಡಿ. ಸೋಸಿದ ಮೇಲೆ ನಿಂಬೆ ಹಿಂಡಿ ನೋಡಿ. ಪಾತ್ರೆ ಸ್ಟೀಲಿನದೋ ಗಾಜಿನದೋ ಇರಲಿ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳಿಗೆ ನಿಂಬೆ ತಾಗಿದರೆ ಲೋಹವೇ ಕರಗಿ ರುಚಿ ಕೆಡುತ್ತದೆ. ಕಬ್ಬಿಣ ಈ ಬಣ್ಣವನ್ನು ಕಪ್ಪಾಗಿಸುತ್ತದೆ.

ಇನ್ನು ನೀಲಿ. ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪದ ನೀಲಿ ಹೂವು ಇದೆಯಲ್ಲ, ಅದರ ಬಣ್ಣವೂ ಇದೇ ಜಾತಿಯದು. ಒಳ್ಳೆಯ ನೀರಿನಲ್ಲಿ ಕಡುನೀಲಿ ಬರುತ್ತದೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿರಾಸೆಯಾಗಬಾರದು: ನಿಂಬೆ ಬಿದ್ದ ಮೇಲೆ ಶಂಖಪುಷ್ಪ ನೀಲಿಯಾಗಿ ಉಳಿಯುವುದಿಲ್ಲ, ನೇರಳೆಯಾಗುತ್ತದೆ. ಹುಳಿ ಹೆಚ್ಚಾದಷ್ಟೂ ಗುಲಾಬಿಯತ್ತ ವಾಲುತ್ತದೆ. ಹೋಟೆಲಿನ ನೀಲಿ ನಿಂಬೆ ಪಾನೀಯ ನೀಲಿಯಾಗಿಯೇ ನಿಲ್ಲುವುದು ಕೃತಕ ಬಣ್ಣದಿಂದ. ನೀವು ಆ ನೀಲಿಯ ಬೆನ್ನು ಹತ್ತಬೇಡಿ. ಬಣ್ಣ ಬದಲಾಗುವುದನ್ನೇ ಕಣ್ಣೆದುರಿಗೆ ಇಡಿ. ಕೆಳಗೆ ಸಿಹಿಯಾದ ನಿಂಬೆ ಕಿತ್ತಳೆ ರಸ, ಮೇಲೆ ಸಕ್ಕರೆ ಹಾಕದ ನೀಲಿ ನೀರು. ಸಕ್ಕರೆ ಇರುವುದು ಭಾರ, ಅದು ತಳದಲ್ಲಿ ನಿಲ್ಲುತ್ತದೆ. ಎರಡೂ ಸೇರುವ ಕಡೆ ನೇರಳೆಯ ಪಟ್ಟಿ. ಕುಡಿಯುವವರು ಚಮಚದಿಂದ ತಿರುಗಿಸಿದಾಗ ಇಡೀ ಲೋಟ ಅವರ ಕೈಯಲ್ಲಿಯೇ ಬಣ್ಣ ಬದಲಿಸುತ್ತದೆ.

ಕಿರಿಮಗಳು, ಚಿಕ್ಕಬಳ್ಳಾಪುರ

ಸರ್, ಈಗಷ್ಟೇ ಮಾಡಿ ನೋಡಿದೆ. ಎರಡು ಲೋಟ ಪಕ್ಕಪಕ್ಕ ಇಟ್ಟೆ. ಘಟಕದ ನೀರಿನಲ್ಲಿ ದಾಸವಾಳ ತಿಳಿ ನೇರಳೆ ಬಂತು, ನಾಲ್ಕು ಹನಿ ನಿಂಬೆ ಬಿದ್ದ ತಕ್ಷಣ ಕುಂಕುಮದಂಥ ಕೆಂಪು! ಬೋರ್ ನೀರಿನದ್ದು ಮತ್ತೆ ಪಾಚಿ ಬಣ್ಣವೇ. ಅಮ್ಮನನ್ನು ಕರೆದು ತೋರಿಸಿದೆ. ಅವರು ಏನೂ ಹೇಳಲಿಲ್ಲ, ಇನ್ನೊಂದು ನಿಂಬೆಹಣ್ಣು ತಂದು ಅವರೇ ಹಿಂಡಿ ನೋಡಿದರು.

ಶಂಖಪುಷ್ಪ ಹಿಂದಿನ ಬೀದಿಯ ಮನೆಯೊಂದರ ಬೇಲಿಯಲ್ಲಿದೆ. ನಾಳೆ ಕೇಳಿ ತರುತ್ತೇನೆ.

ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು, ಕೋಲಾರ

ನೀಲಿ ಹೂವನ್ನೇ ತನ್ನಿ, ಬಿಳಿಯದರಲ್ಲಿ ಬಣ್ಣ ಬರುವುದಿಲ್ಲ. ಎಸಳು ಮಾತ್ರ ಬಳಸಿ, ಹಸಿರು ತೊಟ್ಟನ್ನು ತೆಗೆಯಿರಿ. ಕಾಯಿ, ಬೀಜ ಸೇರಬಾರದು, ಬೀಜ ಭೇದಿ ತರಿಸುತ್ತದೆ. ದಿನಕ್ಕೆ ಹತ್ತಿಪ್ಪತ್ತೇ ಸಿಕ್ಕಿದರೂ ಚಿಂತೆಯಿಲ್ಲ, ನೆರಳಿನಲ್ಲಿ ಒಣಗಿಸಿ ಡಬ್ಬಿಯಲ್ಲಿಡಿ. ಒಣಗಿದರೂ ಬಣ್ಣ ಉಳಿಯುತ್ತದೆ.

ದ್ರಾಕ್ಷಿ ತೋಟದವನು, ಚಿಕ್ಕಬಳ್ಳಾಪುರ ತಾಲ್ಲೂಕು

ಅಕ್ಕ, ಚಿಕ್ಕಬಳ್ಳಾಪುರದಲ್ಲಿ ಕುಳಿತು ಬಣ್ಣಕ್ಕೆ ದಾಸವಾಳ ಹುಡುಕುತ್ತಿದ್ದೀರಲ್ಲ! ನಮ್ಮ ನೀಲಿ ದ್ರಾಕ್ಷಿ ಏನಾಯಿತು? ಬೆಂಗಳೂರು ನೀಲಿ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತಳಿ ಅದು, ಬೆಳೆಯುವುದು ನಮ್ಮ ಹೊಲಗಳಲ್ಲಿ. ತಿನ್ನಲು ಬೀಜ, ದಪ್ಪ ಸಿಪ್ಪೆ ಎಂದು ಪೇಟೆಯವರು ಮೂಗು ಮುರಿಯುತ್ತಾರೆ. ರಸಕ್ಕೆ ಇಳಿಸಿ ನೋಡಿ, ಅಂಥ ಪರಿಮಳ ಹಸಿರು ದ್ರಾಕ್ಷಿಗೆ ಏಳು ಜನ್ಮಕ್ಕೂ ಬಾರದು.

ಬಣ್ಣವೆಲ್ಲ ಸಿಪ್ಪೆಯಲ್ಲಿದೆ, ತಿರುಳು ಬಿಳಚಿಕೊಂಡಿರುತ್ತದೆ. ಆದ್ದರಿಂದ ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದು ಒಗರಾಗುತ್ತದೆ. ಹಣ್ಣನ್ನು ಗೊಂಚಲಿನಿಂದ ಬಿಡಿಸಿ, ಎರಡು ಮೂರು ನೀರಿನಲ್ಲಿ ತೊಳೆದು, ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಒಂದು ಲೋಟ ನೀರೂ ಹಾಕದೆ ಸಣ್ಣ ಉರಿಯಲ್ಲಿ ಇಡಿ. ಸಿಪ್ಪೆ ಬಿರಿದು ತಾನಾಗಿಯೇ ನೀರು ಬಿಟ್ಟುಕೊಳ್ಳುತ್ತದೆ. ಸೌಟಿನ ಹಿಂಬದಿಯಿಂದ ಮೆಲ್ಲಗೆ ಒತ್ತಿ, ಕುದಿ ಬರುವ ಹೊತ್ತಿಗೆ ಇಳಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ಹಿಂಡಿದರೆ ರಸ ರಾಡಿಯಾಗುತ್ತದೆ, ತಾನಾಗಿಯೇ ತೊಟ್ಟಿಕ್ಕಲಿ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ತಳದಲ್ಲಿ ಸಣ್ಣ ಹರಳು ಕೂರುತ್ತದೆ. ಅದು ದ್ರಾಕ್ಷಿಯದೇ ಹುಳಿಯ ಉಪ್ಪು, ಹೆದರಬೇಡಿ, ಮೇಲಿನ ತಿಳಿಯನ್ನು ಬಸಿದುಕೊಳ್ಳಿ.

ಮದ್ಯದ ಸೋಂಕು ಬೇಡ ಎಂದಿರಿ, ಆದ್ದರಿಂದ ಒತ್ತಿ ಹೇಳುತ್ತೇನೆ. ಹಸಿ ದ್ರಾಕ್ಷಿ ರಸವನ್ನು ಹೊರಗಿಡಬೇಡಿ. ಹಣ್ಣಿನ ಸಿಪ್ಪೆಯ ಮೇಲೆಯೇ ಹುಳಿ ಬರಿಸುವ ಯೀಸ್ಟ್ ಇರುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ಬೇಸಿಗೆಯಲ್ಲಿ ಹಸಿಯಾಗಿ ಹಿಂಡಿ ಮುಚ್ಚಿಟ್ಟಿದ್ದೆವು, ಮರುದಿನ ನೊರೆ ಉಕ್ಕುತ್ತಿತ್ತು. ಅದು ಆಗಲೇ ಮದ್ಯದ ಹಾದಿ ಹಿಡಿದಿರುತ್ತದೆ. ಬಿಸಿ ಮಾಡಿ, ತಣಿಸಿ, ಫ್ರಿಜ್ಜಿನಲ್ಲಿಟ್ಟು, ಎರಡು ದಿನದೊಳಗೆ ಮುಗಿಸಿ. ಬೇಕಾದರೆ ಹೇಳಿ, ಐದು ಕಿಲೋ ಕಳಿಸುತ್ತೇನೆ. ದುಡ್ಡು ಬೇಡ.

ಗುಬ್ಬಿಯ ಸೊಸೆ, ತುಮಕೂರು ಜಿಲ್ಲೆ

ಬಣ್ಣದ ಮಾತು ಚೆನ್ನಾಗಿ ಬಂದಿದೆ, ಘಮದ ಮಾತನ್ನು ನಾನು ಹೇಳುತ್ತೇನೆ. ಮದುವೆಗೆ ಮುಂಚೆ ನಾನು ಹೋಟೆಲಿನ ಅಡುಗೆಮನೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ.

ನೀವು ಕೊಂಡ ನೀಲಿ ಸಿರಪ್ಪಿನ ಮೂಲ ಕ್ಯುರಸಾವ್ ಎಂಬ ದ್ವೀಪ, ವೆನೆಜುವೆಲಾ ಕರಾವಳಿಯ ಎದುರಿಗಿದೆ. ಸ್ಪೇನಿನವರು ಅಲ್ಲಿ ಕಿತ್ತಳೆ ನೆಟ್ಟರು. ಮಳೆ ಕಡಿಮೆಯ ಒಣ ನೆಲ, ಹಣ್ಣು ಸಿಹಿಯಾಗಲಿಲ್ಲ, ತಿನ್ನಲಾಗದಷ್ಟು ಕಹಿಯಾಯಿತು. ಆದರೆ ಸಿಪ್ಪೆಯಲ್ಲಿ ಅದ್ಭುತ ಘಮವಿತ್ತು. ಲರಾಹಾ ಎಂದು ಆ ಹಣ್ಣಿನ ಹೆಸರು. ಸಿಪ್ಪೆ ಒಣಗಿಸಿ ಮದ್ಯದಲ್ಲಿ ಘಮ ಇಳಿಸಿದರು. ನೀಲಿಗೂ ಆ ಹಣ್ಣಿಗೂ ಸಂಬಂಧವೇ ಇಲ್ಲ, ನೀಲಿ ಎಂಬುದು ಮೇಲಿಂದ ಹಾಕಿದ ಬಣ್ಣ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹೇರಳೆಕಾಯಿ. ನಮ್ಮದೂ ಒಣ ಸೀಮೆ. ಅದರ ರಸ ಹುಳಿ, ಬಿಳಿ ತಿರುಳು ಕಹಿ, ಆದರೆ ಸಿಪ್ಪೆಯನ್ನು ಉಗುರಿನಿಂದ ಗೀರಿದರೆ ಇಡೀ ಮನೆ ಘಮಘಮ. ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ ಮಾತ್ರ ಎಂದುಕೊಂಡಿದ್ದೇವೆ. ಕಿತ್ತಳೆಯ ಜೊತೆ ಒಂದೆರಡು ಹೇರಳೆಕಾಯಿಯ ಸಿಪ್ಪೆ ಸೇರಿಸಿ ನೋಡಿ, ಪಾನೀಯಕ್ಕೆ ಒಂದು ಗಾಂಭೀರ್ಯ ಬರುತ್ತದೆ. ಬರೀ ಸಿಹಿ ಮಕ್ಕಳಿಗೆ ಸಾಕು. ದೊಡ್ಡವರು ನಿಧಾನವಾಗಿ ಹೀರಬೇಕಾದರೆ ನಾಲಿಗೆಯ ಕೊನೆಯಲ್ಲಿ ಎಳೆಯಷ್ಟು ಕಹಿ ಇರಬೇಕು.

ಮದ್ಯವಿಲ್ಲದೆ ಆ ಘಮ ಇಳಿಸುವುದು ಸಕ್ಕರೆಯಿಂದ. ಕಿತ್ತಳೆ, ಹೇರಳೆ, ನಿಂಬೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ, ಅಂಗಡಿಯ ಹಣ್ಣಿಗೆ ಮೇಣ ಸವರಿರುತ್ತಾರೆ. ಬಣ್ಣದ ಹೊರಪದರವನ್ನು ಮಾತ್ರ ತೆಳ್ಳಗೆ ಹೆರೆಯಿರಿ. ಬಿಳಿ ಬಂದರೆ ಬೇಡದ ಕಹಿ ಬರುತ್ತದೆ. ಆ ಹೆರೆದ ಸಿಪ್ಪೆಗೆ ಸಕ್ಕರೆ ಸುರಿದು ಕೈಯಿಂದ ಚೆನ್ನಾಗಿ ಕಿವುಚಿ, ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೋಡಿದರೆ ಸಕ್ಕರೆ ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಸಿಪ್ಪೆಯ ಎಣ್ಣೆಯನ್ನೆಲ್ಲ ಅದು ಎಳೆದುಕೊಂಡಿರುತ್ತದೆ. ಅದಕ್ಕೆ ಅಷ್ಟೇ ತೂಕದ ಬಿಸಿ ನೀರು ಹಾಕಿ ಕರಗಿಸಿ ಸೋಸಿ. ಎಳೆಪಾಕ ಬೇಡ, ಕುದಿಸಲೂ ಬೇಡ. ಕುದಿಸಿದರೆ ಕಷ್ಟಪಟ್ಟು ಇಳಿಸಿದ ಘಮ ಆವಿಯ ಜೊತೆ ಹೋಗುತ್ತದೆ.

ಮೂಸಂಬಿ ಹಾಕುವ ಯೋಚನೆ ಇದ್ದರೆ ಮುಂಚಿತವಾಗಿ ಹಿಂಡಿಡಬೇಡಿ. ಹಿಂಡಿದಾಗ ಸಿಹಿಯಾಗಿದ್ದ ರಸ ಸ್ವಲ್ಪ ಹೊತ್ತಿನಲ್ಲಿ ತಾನೇ ಕಹಿಯಾಗುತ್ತದೆ.

ಐದನೆಯ ವರ್ಷ, ಕೋಲಾರ

ಈ ಚರ್ಚೆಯನ್ನು ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ನಾನೂ ಕುಡಿಯುತ್ತಿದ್ದೆ, ಬಿಟ್ಟು ಐದನೆಯ ವರ್ಷ ನಡೆಯುತ್ತಿದೆ.

ತಂಗಿ, ನಿನ್ನಂಥ ಮಗಳಿರುವ ತಂದೆ ಪುಣ್ಯವಂತರು. ಎರಡು ಮಾತು ಮಾತ್ರ ಹೇಳಬೇಕು. ಪಾನೀಯವನ್ನು ಬಾರಿನಲ್ಲಿ ಕೊಡುವಂಥ ಲೋಟದಲ್ಲಿ ಕೊಡಬೇಡ. ಕಾಲಿರುವ ಗಾಜಿನ ಲೋಟ, ಅಂಚಿಗೆ ಉಪ್ಪು, ಮದ್ಯವನ್ನು ನೆನಪಿಸುವ ಹೆಸರು, ಇದೆಲ್ಲ ನೋಡುವವರಿಗೆ ಅಲಂಕಾರ. ಬಿಟ್ಟವನಿಗೆ ಅದು ಹಳೆಯ ಬಾಗಿಲನ್ನು ತಟ್ಟಿದ ಹಾಗೆ. ಮೊದಲ ವರ್ಷ ನನಗೆ ಗ್ಲಾಸಿನಲ್ಲಿ ಮಂಜುಗಡ್ಡೆ ಅಲುಗಾಡುವ ಸದ್ದು ಕೇಳಿದರೂ ಗಂಟಲು ಒಣಗುತ್ತಿತ್ತು. ಎಲ್ಲರಿಗೂ ಹೀಗೇ ಎಂದು ಹೇಳಲಾರೆ, ಕೆಲವರಿಗೆ ಏನೂ ಅನ್ನಿಸುವುದಿಲ್ಲ. ಆದ್ದರಿಂದ ಎರಡನೆಯ ಮಾತು: ಅಪ್ಪನಿಗೆ ಅಚ್ಚರಿ ಕೊಡಲು ಹೋಗಬೇಡ. ಮುಂಚೆಯೇ ತೋರಿಸು, ರುಚಿ ನೋಡಲು ಕೊಡು, ಅವರಿಗೆ ಹಿತವೇ ಎಂದು ಕೇಳು. ಜೊತೆಯಲ್ಲಿ ಮಾಡಲು ಕರೆ. ನನ್ನ ಹೆಂಡತಿ ನನ್ನನ್ನು ಮಾವಿನಕಾಯಿ ಉಪ್ಪಿನಕಾಯಿ ಹೆಚ್ಚಲು ಕೂರಿಸಿದ ಸಂಜೆಗಳು ನನ್ನನ್ನು ಎಷ್ಟೋ ದಿನ ಕಾಪಾಡಿವೆ. ಕೈಗೆ ಕೆಲಸ ಬೇಕು.

ಕಿರಿಮಗಳು, ಚಿಕ್ಕಬಳ್ಳಾಪುರ

ಅಣ್ಣ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಕಾಲಿರುವ ಲೋಟಗಳನ್ನು ಬಾಡಿಗೆಗೆ ಹೇಳಿದ್ದೆ, ಬೇಡವೆಂದು ಫೋನ್ ಮಾಡಿದ್ದೇನೆ. ಸಾದಾ ಉದ್ದನೆಯ ಗಾಜಿನ ಲೋಟ ಸಾಕು. ಇವತ್ತು ರಾತ್ರಿ ಅಪ್ಪನ ಹತ್ತಿರ ಮಾತನಾಡುತ್ತೇನೆ.

ಔಷಧದಂಗಡಿಯವಳು, ತಿಪಟೂರು

ನನ್ನ ಕಡೆಯಿಂದ ಕೆಲವು ಎಚ್ಚರಿಕೆಗಳು. ಇವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಕುಡಿತ ಬಿಡಲು ಕೆಲವರಿಗೆ ವೈದ್ಯರು ಡೈಸಲ್ಫಿರಾಂ ಎಂಬ ಮಾತ್ರೆ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳುವವರ ಹೊಟ್ಟೆಗೆ ಸ್ವಲ್ಪ ಮದ್ಯ ಹೋದರೂ ಮುಖ ಕೆಂಪೇರುವುದು, ವಾಂತಿ, ಎದೆಬಡಿತ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ನಿಮ್ಮ ತಂದೆಗೆ ಆ ಮಾತ್ರೆ ಇದೆಯೋ ಇಲ್ಲವೋ, ನಿಯಮ ಒಂದೇ ಇರಲಿ. ಶುದ್ಧ ವೆನಿಲ್ಲಾ ಸಾರದಲ್ಲಿ ಮದ್ಯಸಾರವಿರುತ್ತದೆ. ಕಿತ್ತಳೆ ಎಸೆನ್ಸ್ ಸೀಸೆಗಳಲ್ಲಿಯೂ ಇರಬಹುದು. ಹೋಟೆಲಿನವರು ಪಾನೀಯಕ್ಕೆ ನಾಲ್ಕು ಹನಿ ಹಾಕುವ ಬಿಟರ್ಸ್ ಎಂಬ ಕಹಿ ದ್ರವ ಮದ್ಯದಲ್ಲಿಯೇ ಮಾಡಿದ್ದು. ಮನೆಯಲ್ಲಿ ಶುಂಠಿ, ಸಕ್ಕರೆ ಹುದುಗಿಸಿ ಮಾಡುವ ಸೋಡಾದಲ್ಲಿಯೂ ಸ್ವಲ್ಪ ಮದ್ಯ ಹುಟ್ಟುತ್ತದೆ. ಇವು ಯಾವುವೂ ಬೇಡ.

ಎರಡನೆಯದು ಚಕ್ಕೋತ. ದೇವನಹಳ್ಳಿ ನಿಮಗೆ ಹತ್ತಿರ, ಅಲ್ಲಿನ ಕೆಂಪು ಚಕ್ಕೋತ ಹಾಕೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಣ್ಣು ಬಹಳ ರುಚಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಗ್ರೇಪ್‌ಫ್ರೂಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ (ದ್ರಾಕ್ಷಿಯಲ್ಲ) ಪೂರ್ವಜ. ಗ್ರೇಪ್‌ಫ್ರೂಟ್ ಕೆಲವು ರಕ್ತದೊತ್ತಡದ ಮಾತ್ರೆಗಳನ್ನೂ ಕೊಲೆಸ್ಟರಾಲ್ ಮಾತ್ರೆಗಳನ್ನೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸಿ ಅವುಗಳ ಪರಿಣಾಮವನ್ನು ಏರಿಸುತ್ತದೆ. ಅಂಥದ್ದೇ ಗುಣದ ಅಂಶಗಳು ಚಕ್ಕೋತದಲ್ಲಿಯೂ ಇವೆ. ಅರುವತ್ತರ ಸಮಾರಂಭಕ್ಕೆ ಬರುವವರಲ್ಲಿ ಅರ್ಧದಷ್ಟು ಜನ ಆ ಮಾತ್ರೆ ನುಂಗುವವರೇ. ನಿಂಬೆ, ಕಿತ್ತಳೆ ಸಾಕು. ಗರ್ಭಿಣಿಯರು ಬಂದಿದ್ದರೆ ಶಂಖಪುಷ್ಪವಿಲ್ಲದ ಲೋಟ ಕೊಡಿ.

ಸಕ್ಕರೆ ಕಾಯಿಲೆಯವರಿಗೆ ಒಂದು ಜಾಡಿಯಲ್ಲಿ ಉಪ್ಪು, ಹುರಿದ ಜೀರಿಗೆ ಪುಡಿ, ನಿಂಬೆ, ಮೇಲೆ ಅದೇ ನೀಲಿ ನೀರು. ಬಣ್ಣದಲ್ಲಿ ಅವರು ಬೇರೆಯಾಗಿ ಕಾಣಬಾರದು.

ಎಂಎಸ್ಸಿ ವಿದ್ಯಾರ್ಥಿ, ತುಮಕೂರು

ಒಂದು ಭಿನ್ನಾಭಿಪ್ರಾಯ. ನಮ್ಮ ದೇಶದಲ್ಲಿ ಎಂಟು ಕೃತಕ ಆಹಾರ ಬಣ್ಣಗಳಿಗೆ ಅನುಮತಿಯಿದೆ, ನೀಲಿಯೂ ಅದರಲ್ಲಿದೆ. ಮಿತಿಯೊಳಗೆ ಬಳಸಿದರೆ ತಪ್ಪೇನಿಲ್ಲ. ಅರುವತ್ತು ಲೋಟಕ್ಕೆ ಹೂವು ಕೀಳುತ್ತ ಕೂರುವುದು ಪ್ರಾಯೋಗಿಕವೇ?

ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು, ಕೋಲಾರ

ಅನುಮತಿಯಿದೆ ಎಂಬುದು ಸರಿ. ಅಳತೆ ಹೇಗೆ? ಸಾಮಾನ್ಯ ಮಿತಿ ಕಿಲೋಗೆ 100 ಮಿಲಿಗ್ರಾಂ. ಅಂದರೆ ಹನ್ನೆರಡು ಲೀಟರಿಗೆ ಒಂದು ಗ್ರಾಂ ಚಿಲ್ಲರೆ. ಮನೆಯಲ್ಲಿ ಅಷ್ಟು ಸಣ್ಣ ತಕ್ಕಡಿ ಯಾರಲ್ಲಿದೆ? ಚಿಟಿಕೆ ಲೆಕ್ಕದಲ್ಲಿ ಹಾಕಿದವರ ಕೈ ಯಾವಾಗಲೂ ಹೆಚ್ಚಿಗೆ ವಾಲುತ್ತದೆ, ಬಣ್ಣ ಕಣ್ಣಿಗೆ ಸಾಲದೆನಿಸುತ್ತದೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ನಿಷೇಧಿಸಬೇಕಾಗಿ ಬಂದದ್ದು, ಬೊಂಬಾಯಿ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮಿನ್ ಸಿಕ್ಕಿದ್ದು ಮರೆತುಹೋಯಿತೇ? ಅಂಗಡಿಯ ಪೊಟ್ಟಣದಲ್ಲಿ ಏನಿದೆ ಎಂದು ನಾವು ಕಣ್ಣಿನಿಂದ ಹೇಳಲಾರೆವು. ಹೂವನ್ನು ನೋಡಿ ಹೇಳಬಹುದು.

ಹಣ್ಣು ಸಂಸ್ಕರಣೆ ಕಲಿತವಳು, ಶ್ರೀನಿವಾಸಪುರ

ಒಂದು ತಾಂತ್ರಿಕ ವಿಷಯ, ಯಾರೂ ಹೇಳಿಲ್ಲ. ಸ್ಕ್ವಾಷ್ ಕೆಡದಿರಲೆಂದು ಕೆಲವರು ಕೆಎಂಎಸ್ ಪುಡಿ ಹಾಕುತ್ತಾರೆ, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಮಾವು, ನಿಂಬೆಗೆ ಅದು ಸರಿ. ದ್ರಾಕ್ಷಿ, ನೇರಳೆಹಣ್ಣು, ದಾಸವಾಳ, ಶಂಖಪುಷ್ಪಕ್ಕೆ ಹಾಕಿದರೆ ಬಣ್ಣ ಬಿಳಿಚಿಹೋಗುತ್ತದೆ. ಎರಡು ದಿನದ ಕೆಲಸಕ್ಕೆ ಯಾವ ಪುಡಿಯೂ ಬೇಡ, ಫ್ರಿಜ್ ಸಾಕು.

ಕಿರಿಮಗಳು, ಚಿಕ್ಕಬಳ್ಳಾಪುರ

ಅಪ್ಪನಿಗೆ ಹೇಳಿದೆ. ಮೊದಲು, ನನ್ನೊಬ್ಬನಿಗಾಗಿ ಇಷ್ಟೆಲ್ಲ ಯಾಕೆ ಎಂದರು. ಆಮೇಲೆ ಲೋಟದಲ್ಲಿ ನೀಲಿ ನೇರಳೆಯಾಗುವುದನ್ನು ನೋಡಿ, ಇನ್ನೊಂದು ಸಲ ಮಾಡು ಎಂದರು. ಅವರಿಗೆ ಕುಡಿತ ಬಿಡಿಸುವ ಆ ಮಾತ್ರೆ ಈಗ ಇಲ್ಲವಂತೆ. ಆದರೂ ಎಸೆನ್ಸ್ ಮನೆಯೊಳಗೆ ಬರುವುದಿಲ್ಲ.

ನನ್ನ ಯೋಜನೆ: ಭಾನುವಾರ ಬೆಳಿಗ್ಗೆಯೇ ಸಕ್ಕರೆ ಪಾಕ, ನಿಂಬೆರಸ, ಹೂವಿನ ನೀರು ಎಲ್ಲವನ್ನೂ ದೊಡ್ಡ ಡ್ರಮ್ಮಿನಲ್ಲಿ ಕಲಸಿಟ್ಟು ಸಂಜೆ ಬಡಿಸುವುದು. ಸರಿಯಾಗುತ್ತದೆಯೇ?

ಗುಬ್ಬಿಯ ಸೊಸೆ, ತುಮಕೂರು ಜಿಲ್ಲೆ

ಬೇಡ, ಬೇಡ. ಹಾಗೆ ಕಲಸಿದರೆ ಬಣ್ಣ ಬದಲಾಗುವ ಚಂದವೆಲ್ಲ ಡ್ರಮ್ಮಿನೊಳಗೇ ಮುಗಿದುಹೋಗುತ್ತದೆ. ಮೂರನ್ನೂ ಬೇರೆಬೇರೆ ಇಡಿ. ಅಳತೆ ಬರೆದುಕೊಳ್ಳಿ.

ಅರುವತ್ತು ಲೋಟಕ್ಕೆ ಒಂದೂವರೆ ಕಿಲೋ ಸಕ್ಕರೆ, ಒಂದೂವರೆ ಲೀಟರ್ ನೀರು. ಇದರಿಂದ ಸುಮಾರು 2.4 ಲೀಟರ್ ಪಾಕ, ಲೋಟಕ್ಕೆ 40 ಮಿಲಿ. ಸಿಪ್ಪೆ ಕಿವುಚಿದ ಸಕ್ಕರೆಯೂ ಈ ಒಂದೂವರೆ ಕಿಲೋದಲ್ಲಿಯೇ ಸೇರಿದೆ. ನಿಂಬೆರಸ 1.2 ಲೀಟರ್, ಲೋಟಕ್ಕೆ 20 ಮಿಲಿ. ರಸ ತುಂಬಿದ ಹಣ್ಣಾದರೆ ಐವತ್ತು ಸಾಕು, ಹತ್ತು ಹೆಚ್ಚಿಗೆ ತನ್ನಿ. ಕೊಯ್ಯುವ ಮೊದಲು ಹಣ್ಣನ್ನು ಅಂಗೈಯಲ್ಲಿ ಒತ್ತಿ ಉರುಳಿಸಿ. ಬೀಜ ರಸದಲ್ಲಿ ಉಳಿಯದಿರಲಿ, ಕಹಿ ಬಿಡುತ್ತದೆ. ಕಿತ್ತಳೆ ರಸ ಲೋಟಕ್ಕೆ 40 ಮಿಲಿಯಂತೆ 2.4 ಲೀಟರ್. ಈ ಮೂರನ್ನು ಸಂಜೆ ಬಡಿಸುವ ಅರ್ಧ ಗಂಟೆ ಮುಂಚೆ ಕಲಸಿ, ಆರು ಲೀಟರ್ ಆಗುತ್ತದೆ. ಪಾಕ ತಣ್ಣಗಿರಲೇಬೇಕು, ಬಿಸಿ ಪಾಕಕ್ಕೆ ನಿಂಬೆ ಹಿಂಡಿದರೆ ಹಸಿ ಘಮ ಸತ್ತುಹೋಗುತ್ತದೆ.

ನೀಲಿ ನೀರು ಐದು ಲೀಟರ್, ಅದಕ್ಕೆ ಸುಮಾರು 200 ಹೂವು. ಹಿಂದಿನ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಡಿ. ಇದಕ್ಕೆ ಒಂದು ಚಮಚ ಸಕ್ಕರೆಯೂ ಬೀಳಬಾರದು.

ಲೋಟಕ್ಕೆ 100 ಮಿಲಿ ಕಿತ್ತಳೆ ನಿಂಬೆ ಮಿಶ್ರಣ, ಅದರ ಮೇಲೆ ಲೋಟದ ತುಂಬ ಮಂಜುಗಡ್ಡೆ. ನೀಲಿ ನೀರನ್ನು ಚಮಚದ ಹಿಂಬದಿಯ ಮೇಲೆ, ಮಂಜುಗಡ್ಡೆಗೆ ತಾಗುವಂತೆ, ಸಣ್ಣ ಧಾರೆಯಾಗಿ ಬಿಡಿ. ಅವಸರ ಮಾಡಿದರೆ ಕಲಸಿಹೋಗುತ್ತದೆ. ಮೇಲೊಂದು ಪುದೀನ ಕುಡಿ. ನೆನೆಸಿದ ಕಾಮಕಸ್ತೂರಿ ಬೀಜವನ್ನು ಒಂದು ಚಮಚ ಹಾಕಿದರೆ ನಡುವೆ ಮುತ್ತು ತೇಲಿದಂತೆ ಕಾಣುತ್ತದೆ. ಮಕ್ಕಳಿಗೆ ನೀಲಿಯ ಬದಲು ದ್ರಾಕ್ಷಿ ರಸ. ಅದು ಸ್ವತಃ ಸಿಹಿ, ಭಾರ, ಆದ್ದರಿಂದ ಅದನ್ನು ತಳಕ್ಕೆ ಹಾಕಿ, ಮೇಲೆ ನೀರು ಬೆರೆಸಿದ ನಿಂಬೆ, ಕೊನೆಯಲ್ಲಿ ಸೋಡಾ.

ಮಾಲೂರಿನ ಅತ್ತೆ

ಮಂಜುಗಡ್ಡೆಯನ್ನು ಮಾತ್ರ ಹೊರಗಿನಿಂದ ತರಬೇಡ. ಮೀನು, ಹೂವು ಕೆಡದಂತೆ ಇಡುವ ದಿಮ್ಮಿ ಮಂಜುಗಡ್ಡೆಯನ್ನು ಕುಡಿಯುವ ನೀರಿನಿಂದಲೇ ಮಾಡುತ್ತಾರೆಂಬ ನಂಬಿಕೆ ಬೇಡ. ಮಹಾರಾಷ್ಟ್ರದಲ್ಲಿ 2018ರಲ್ಲಿ ಅಂಥ ಮಂಜುಗಡ್ಡೆಗೆ ಗುರುತಿಗಾಗಿ ನೀಲಿ ಬಣ್ಣವನ್ನೇ ಕಡ್ಡಾಯ ಮಾಡಿದರು. ಒಂದು ವಾರ ಮುಂಚೆಯಿಂದ ಘಟಕದ ನೀರನ್ನೇ ಟ್ರೇಗಳಲ್ಲಿಟ್ಟು ಕೂಡಿಹಾಕು, ಅಕ್ಕಪಕ್ಕದ ಮನೆಯ ಫ್ರಿಜ್ಜುಗಳನ್ನೂ ಕೇಳು. ಮತ್ತೆ, ಮೊನ್ನೆ ನಾನು ಪಾನಕ ಸಾಲದೇ ಎಂದೆನಲ್ಲ, ನಿನ್ನೆ ನಮ್ಮ ಅಂಗಳದ ದಾಸವಾಳದಲ್ಲಿ ಮಾಡಿ ಮೊಮ್ಮಗಳಿಗೆ ಕೊಟ್ಟೆ. ಅವಳು ನಿಂಬೆಯನ್ನು ತಾನೇ ಹಿಂಡಬೇಕೆಂದು ಹಟ ಹಿಡಿದಳು. ನೀನು ಮಾಡು ತಾಯಿ.

ಕಿರಿಮಗಳು, ಚಿಕ್ಕಬಳ್ಳಾಪುರ

ಸಮಾರಂಭ ಮುಗಿದು ನಾಲ್ಕು ದಿನವಾಯಿತು, ಇವತ್ತು ಕುಳಿತು ಬರೆಯುತ್ತಿದ್ದೇನೆ.

ಹೂವು ಬಿಡಿಸಿದ್ದು ಅಪ್ಪ. ಮೂರು ವಾರ ಪ್ರತಿದಿನ ಬೆಳಿಗ್ಗೆ ನಡೆದಾಡಲು ಹೋದಾಗ ಹಿಂದಿನ ಬೀದಿಯ ಬೇಲಿಯಿಂದ ಕರವಸ್ತ್ರದಲ್ಲಿ ಕಟ್ಟಿಕೊಂಡು ತಂದರು. ಆ ಮನೆಯ ಅಜ್ಜಿ ಶಿವಪೂಜೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅವರಿಗಾಗಿ ಬಿಟ್ಟಿರುತ್ತಿದ್ದರು. ಶನಿವಾರ ರಾತ್ರಿ ಕಿತ್ತಳೆ ಸಿಪ್ಪೆ ಹೆರೆದದ್ದೂ ಅವರೇ. ಬಿಳಿ ಬರಬಾರದು ಎಂದು ನಾನು ಒಂದೇ ಸಲ ಹೇಳಿದ್ದು. ಹನ್ನೆರಡು ಕಿತ್ತಳೆ, ಎರಡು ಹೇರಳೆಕಾಯಿ, ಒಂದರಲ್ಲಿಯೂ ಬಿಳಿ ಇರಲಿಲ್ಲ. ತೋಟದ ತಮ್ಮ ಕಳಿಸಿದ ದ್ರಾಕ್ಷಿ ಸಾಕಾಗಿ ಉಳಿಯಿತು, ಬಹಳ ಉಪಕಾರವಾಯಿತು.

ಎಲ್ಲವೂ ಸರಿಯಾಯಿತು ಎನ್ನಲಾರೆ. ಮೊದಲ ಹತ್ತು ಲೋಟ ಕಲಸಿಹೋದವು, ನನ್ನ ಕೈ ನಡುಗುತ್ತಿತ್ತು. ಆಗ ಅಪ್ಪ ಎದ್ದು ಬಂದು ಜಾಡಿಯನ್ನು ತೆಗೆದುಕೊಂಡರು. ಆಮೇಲೆ ಕೊನೆಯವರೆಗೂ ಸುರಿದದ್ದು ಅವರೇ. ಬಂದವರಿಗೆಲ್ಲ ಚಮಚ ಕೊಟ್ಟು, ಈಗ ತಿರುಗಿಸಿ ನೋಡಿ ಎನ್ನುತ್ತಿದ್ದರು. ಅವರ ಹಳೆಯ ಸ್ನೇಹಿತರು, ಸಂಜೆ ಮೂಲೆಯಲ್ಲಿ ಸೇರುತ್ತಿದ್ದವರು, ಮೇಜಿನ ಸುತ್ತ ನಿಂತು ಇದು ಹೇಗೆ ನೇರಳೆಯಾಯಿತು ಎಂದು ಕೇಳಿದರು. ಅಪ್ಪ ಮೇಷ್ಟ್ರ ಮಾತನ್ನೇ, ಬೋರ್ ನೀರಿನ ಬೈಕಾರ್ಬೊನೇಟ್ ಸಮೇತ, ಅವರಿಗೆ ವಿವರಿಸಿದರು. ಒಬ್ಬರಂತೂ ಮೂರು ಲೋಟ ಕುಡಿದರು.

ಅಮ್ಮ ಒಂದು ಲೋಟವನ್ನು ಯಾರಿಗೂ ಕೊಡದೆ ಕಿಟಕಿಯ ಮೇಲೆ ಇಟ್ಟಿದ್ದರು. ಮಂಜುಗಡ್ಡೆ ಕರಗಿ ತಾನಾಗಿಯೇ ಪೂರ್ತಿ ನೇರಳೆಯಾಗುವವರೆಗೂ ಅಲ್ಲಿಯೇ ಇತ್ತು.

ಉಳಿದ ಪಾಕ ನಿನ್ನೆಗೆ ಮುಗಿಯಿತು. ಇವತ್ತು ಸಂಜೆ ಅಪ್ಪ ಪೇಟೆಯಿಂದ ಬರುವಾಗ ತರಕಾರಿ ಚೀಲದಲ್ಲಿ ನಾಲ್ಕು ಹೇರಳೆಕಾಯಿ ತಂದಿದ್ದಾರೆ. ಅಂಗಳದಲ್ಲಿ ಕಾಂಪೌಂಡಿನ ಉದ್ದಕ್ಕೂ ಸಣ್ಣ ಗುಂಡಿ ತೋಡಿ ಶಂಖಪುಷ್ಪದ ಬೀಜ ಹಾಕಿದ್ದಾರೆ.